ನೀಲವ್ವನವರಿಗೆ ಬೇಡವಾದ ಬಾಲ್ಕನಿ

ಕೊಪ್ಪಳದ ಟ್ರಾವೆಲ್ಸ್ ಆಫೀಸಿನಲ್ಲಿ ಅದು ನನ್ನ ಮೊದಲ ಹಡಗು ಪ್ರವಾಸದ ಬುಕಿಂಗ್. ಬಾಲ್ಕನಿ ರೂಮನ್ನೇ ಮಾರಬೇಕೆಂದು ಸಾಹೇಬರು ಹೇಳಿದ್ದರು. ಎದುರಿಗೆ ಭಾಗ್ಯನಗರದ ನೀಲವ್ವ ಮತ್ತು ಅವರ ಯಜಮಾನರು.

ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದನ್ನು ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು, ‘ಬಾಲ್ಕನಿ ತಗೋರಿ, ಯಾರೂ ಕಾಣಂಗಿಲ್ಲ, ಬರೇ ಸಮುದ್ರ’ ಎಂದೆ.

‘ಯಾರೂ ಕಾಣಂಗಿಲ್ಲಂದ್ರ ಹೊರಗ್ಯಾಕ ಕುಂದರಬೇಕವಾ?’ ಎಂದರು ನೀಲವ್ವ. ‘ಮನಿ ಮುಂದಿನ ಕಟ್ಟಿ ಮ್ಯಾಲ ಕುಂತ್ರ ಹೋಗೋರು ಬರೋರು ಮಾತಾಡಸ್ತಾರ.’

‘ಇಕಿಗೆ ಬಸ್‌ಸ್ಟ್ಯಾಂಡಿನ್ಯಾಗ ರೂಮ್ ಕೊಡವಾ,’ ಎಂದರು ಯಜಮಾನರು.

ಕೊನೆಗೆ ಜನ ಓಡಾಡುವ ಲಿಫ್ಟಿನ ಪಕ್ಕ, ಕಿಟಕಿಯೇ ಇಲ್ಲದ ರೂಮು ಹಿಡಿದರು. ಪ್ರವಾಸ ಮುಗಿಸಿ ನೀಲವ್ವ ಆಫೀಸಿಗೇ ಬಂದು, ‘ನಿನಗೊಂದು ವರ ನೋಡೇನಿ,’ ಎಂದರು. ‘ಬಾಲ್ಕನಿ ರೂಮಿನಾಂವ. ಎಷ್ಟು ಮಾತಾಡಿಸಿದ್ರೂ ಬಾಯಿ ಬಿಡಲಿಲ್ಲ. ಥೇಟ್ ನಿನ್ನಂಗ, ಯಾರೂ ಕಾಣಬಾರದು ಅವಗ.’

ಹುಡುಗನ ಫೋಟೋ ಎಂದು ತೋರಿಸಿದ್ದರಲ್ಲಿ ಮುಚ್ಚಿಕೊಳ್ಳುತ್ತಿದ್ದ ಲಿಫ್ಟಿನ ಬಾಗಿಲಷ್ಟೇ ಇತ್ತು.