ಸೆಲ್ವಂ ಅಣ್ಣ ಕೂಗಿದ ‘ಪುಡಿ’

ಗೆಳೆಯರೇ, ಇದನ್ನು ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ಬಲ ಅಂಗೈಯ ಚರ್ಮ ಕಿತ್ತುಹೋಗಿದೆ.

ಇಂದು ಬೆಳಿಗ್ಗೆ ಹಲಸೂರಿನ ನಮ್ಮ ಜಿಮ್‌ನಲ್ಲಿ ಮೊದಲ ಸಲ ನೂರು ಕೆಜಿ ಎತ್ತಲು ನಿಂತೆ. ಹೆಬ್ಬೆರಳನ್ನು ಕಂಬಿಗೆ ಒತ್ತಿ, ಅದರ ಮೇಲೆ ಉಳಿದ ಬೆರಳುಗಳನ್ನು ಬಿಗಿಯುವ ಹಿಡಿತ. ಕೋಚ್ ಸೆಲ್ವಂ ಅಣ್ಣ ಒಂದು ವಾರದಿಂದ ಕಲಿಸುತ್ತಿದ್ದಾರೆ. ಅಂದಿನಿಂದ ನನ್ನ ಹೆಬ್ಬೆರಳು ಅಂಗಿಯ ಗುಂಡಿ ಹಾಕಲೂ ಒಪ್ಪುತ್ತಿಲ್ಲ.

ಕಂಬಿ ಮಂಡಿ ದಾಟಿತು. ಬೆವರಿಗೆ ಬೆರಳುಗಳಿಂದ ಜಾರತೊಡಗಿತು, ಅಂಗೈ ಉರಿಯಿತು. ನನ್ನ ಬೆನ್ನು ಬಾಗಿದೆಯೇ ಎಂದು ನೋಡಲು ಅಣ್ಣ ತೀರಾ ಹತ್ತಿರ ಬಂದು ನಿಂತಿದ್ದರು. ಒಮ್ಮೆಲೇ ಕೂಗಿದರು: “ಪುಡಿ, ಪುಡಿ, ಪುಡಿ.”

ಬೆವರಿದ ಕೈಗೆ ಹಚ್ಚುವ ಬಿಳಿ ಪುಡಿಯ ಡಬ್ಬಿ ಪಕ್ಕದಲ್ಲೇ ಇತ್ತು. ಉರಿಯುವ ಕೈಗೆ ಅಷ್ಟು ಸಾಕಾಯಿತು. ಕಂಬಿ ಬಿಟ್ಟು ಡಬ್ಬಿಗೆ ಕೈ ಹಾಕಿದೆ.

ನೂರು ಕೆಜಿ ಅವರ ಪಾದದಿಂದ ಎರಡು ಬೆರಳು ದೂರದಲ್ಲಿ ಬಿತ್ತು. ಯಾರೋ ಹಾಡು ನಿಲ್ಲಿಸಿದರು.

“ಯಾಕಪ್ಪ ಬಿಟ್ಟೆ?” ಅಣ್ಣನ ದನಿ ತೀರಾ ಮೆಲ್ಲಗಿತ್ತು. ನನಗೆ ಹೆದರಿಕೆಯಾದದ್ದೇ ಅದಕ್ಕೆ.

“ನೀವೇ ಪುಡಿ ಅಂದ್ರಲ್ಲ ಅಣ್ಣ. ಹಚ್ಕೊಳ್ಳೋಣ ಅಂತ.”

“ನಮ್ ತಮಿಳಲ್ಲಿ ಪುಡಿ ಅಂದ್ರೆ ಹಿಡ್ಕೋ ಅಂತ ಕಣಪ್ಪ. ಇಪ್ಪತ್ತು ವರ್ಷದಿಂದ ಹಿಂಗೇ ಕೂಗ್ತಿದೀನಿ. ಒಬ್ನೂ ಬಿಟ್ಟಿರ್ಲಿಲ್ಲ.”

ನಾನು ಅವರ ಕಾಲು ನೋಡಿದೆ. ಅವರೂ ನೋಡಿಕೊಂಡರು. ಇನ್ನೆರಡು ಬೆರಳು ಅವರತ್ತ ಬಿದ್ದಿದ್ದರೆ ಕನ್ನಡದ ಪುಡಿಯೇ ನಿಜವಾಗುತ್ತಿತ್ತು.