ಅಮೆರಿಕದ ಲೆಕ್ಕದಲ್ಲಿ ಬೆಂದ ಅನ್ನ

ಒಬ್ಬ ಮನುಷ್ಯ ಹಾಕಿದ ಓಟನ್ನು ನಾನು ಒಮ್ಮೆ ಅವನ ವಿರುದ್ಧವೇ ಎಣಿಸಿದ್ದೇನೆ. ಮೋಸ ಮಾಡಲಿಲ್ಲ, ಲೆಕ್ಕವೂ ತಪ್ಪಲಿಲ್ಲ. ಅದಕ್ಕೇ ಇರಬೇಕು, ಅದು ಇನ್ನೂ ನನ್ನನ್ನು ಬಿಟ್ಟಿಲ್ಲ.

ಎರಡು ಸಾವಿರದ ಇಸವಿಯ ಕೊನೆ. ಅಧ್ಯಕ್ಷ ಯಾರೆಂದು ಅಮೆರಿಕಕ್ಕೇ ಗೊತ್ತಿರಲಿಲ್ಲ. ಒಂದು ರಾಜ್ಯದಲ್ಲಿ ಮತಪತ್ರಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು; ವಕೀಲರು ಕೋರ್ಟಿನಿಂದ ಕೋರ್ಟಿಗೆ ಓಡುತ್ತಿದ್ದರು. ಗಲ್ಫಿನ ಅಬ್ಬಾಸಿಯಾ ಬಡಾವಣೆಯ ನಮ್ಮ ಫ್ಲ್ಯಾಟಿನ ಹನ್ನೊಂದು ಜನ ಇದನ್ನೆಲ್ಲ ಟಿವಿಯಲ್ಲಿ ನೋಡುತ್ತಿದ್ದೆವು. ನಮ್ಮ ಮೆಸ್ಸಿನಲ್ಲೂ ಒಂದು ವ್ಯಾಜ್ಯವಿತ್ತು. ಅಡುಗೆಯವನು ಬೇಯಿಸುವುದು ಒಂದೇ ಪಾತ್ರೆ ಅನ್ನ. ಅದು ಕರಾವಳಿಯ ದಪ್ಪ ಕುಚ್ಚಲಕ್ಕಿಯದೋ, ಬಿಳಿ ಬೆಳ್ತಿಗೆ ಅಕ್ಕಿಯದೋ?

ಪೇಟೆಯ ಶರ್ಕ್ ಭಾಗದ ಬ್ಯಾಂಕೊಂದರಲ್ಲಿದ್ದ ಮಂಡ್ಯದ ಗೋಪಾಲ ದಾರಿ ತೋರಿಸಿದ. "ಅಮೆರಿಕದ ಥರಾನೇ ಮಾಡ್ಬಿಡೋಣ. ರೂಮೇ ರಾಜ್ಯ. ರೂಮಲ್ಲಿ ಯಾವ್ದಕ್ಕೆ ಜಾಸ್ತಿ ಓಟು ಬೀಳುತ್ತೋ, ಆ ರೂಮಿನ ಅಷ್ಟೂ ಓಟು ಅದಕ್ಕೇ." ಆಮೇಲೆ ರೂಮಿನ ಪ್ರತಿನಿಧಿ ಶುಕ್ರವಾರದ ಊಟದಲ್ಲಿ ಎದ್ದು ನಿಂತು ವಿಧಿವತ್ತಾಗಿ ಘೋಷಿಸಬೇಕು. ಎಣಿಸಿದ್ದನ್ನೇ ಮತ್ತೆ ಎಣಿಸುವ ನಿಧಾನಸ್ಥನೆಂದು ನಮ್ಮ ರೂಮಿಗೆ ನನ್ನನ್ನು ಆರಿಸಿದರು.

ದೊಡ್ಡ ರೂಮಿನ ಐವರೂ ಮಂಗಳೂರು ಕಡೆಯವರು, ಐದೂ ಕುಚ್ಚಲಕ್ಕಿಗೆ. ನಮ್ಮ ಮೂವರಲ್ಲಿ ನನ್ನದೂ ಸೇರಿ ಎರಡು ಬೆಳ್ತಿಗೆಗೆ, ಒಂದು ಕುಚ್ಚಲಕ್ಕಿಗೆ. ಗೋಪಾಲನ ರೂಮಿನ ಮೂವರದೂ ಹಾಗೇ. ಹನ್ನೊಂದರಲ್ಲಿ ಏಳು ಜನ ಕುಚ್ಚಲಕ್ಕಿ ಕೇಳಿದ್ದರು. ರೂಮಿನ ಲೆಕ್ಕದಲ್ಲಿ ಗೆದ್ದದ್ದು ಬೆಳ್ತಿಗೆ, ಐದಕ್ಕೆ ಆರು.

ನಮ್ಮ ರೂಮಿನ ಆ ಒಂಟಿ ಓಟು ಹಮೀದಾಕನದು. ಹಳೆಯ ಸೂಕ್ ಮಾರುಕಟ್ಟೆಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಹಿರಿಯರು. ಹೊಟ್ಟೆಹುಣ್ಣು. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಯೊಂದೇ ಅವರ ಹೊಟ್ಟೆಯಲ್ಲಿ ತಕರಾರಿಲ್ಲದೆ ನಿಲ್ಲುತ್ತಿದ್ದದ್ದು.

"ಎಂತ ಮಾರಾಯ್ರೆ ಇದು? ನನ್ನ ಓಟು ಸೋತಿತು ಅಂದ್ರೆ ಸರಿ. ಅದು ಆಚೆ ಪಾರ್ಟಿಗೆ ಹೋಗಿ ಸೇರಿದ್ದು ಹೇಗೆ?"

"ಅಮೆರಿಕದಲ್ಲಿ ಹಾಗೇ ಹಮೀದಾಕಾ" ಎಂದೆ.

"ಅಮೆರಿಕಕ್ಕೆ ಹೊಟ್ಟೆಹುಣ್ಣು ಉಂಟಾ?"

ಅಡುಗೆಯವನೇ ನಮ್ಮ ಸುಪ್ರೀಂ ಕೋರ್ಟು. ಅವನನ್ನು ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ಹಮೀದಾಕ ಅಪೀಲು ಹೋದಾಗ, "ಎಣಿಸಿ ಆಯ್ತಲ್ಲ, ಖಲಾಸ್" ಎಂದು ಮುಚ್ಚಳ ಹಾಕಿದ. ಘೋಷಣೆಗೂ ಕಾಯದೆ ಅಂದೇ ಬೆಳ್ತಿಗೆ ಬೇಯಿಸಿದ. ಆ ವಾರವೆಲ್ಲ ಹಮೀದಾಕ ಚಹಾದಲ್ಲಿ ಖುಬೂಸ್ ರೊಟ್ಟಿ ಅದ್ದಿ ತಿಂದು, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಬಸ್ಸು ಹತ್ತುವುದನ್ನು ನೋಡಿದೆ. ಐದು ದಿನ ನೋಡಿದೆ.

ಗುರುವಾರದ ಪತ್ರಿಕೆಯಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಅಲ್ಲಿನ ಕೆಲವು ರಾಜ್ಯಗಳಲ್ಲಿ, ಜನ ಗೆಲ್ಲಿಸಿದವರಿಗೇ ಮತ ಕೊಡಬೇಕೆಂದು ಪ್ರತಿನಿಧಿಯನ್ನು ಕಾನೂನು ಕಟ್ಟಿಹಾಕುವುದಿಲ್ಲವಂತೆ. ಮೂರು ಸಲ ಓದಿದೆ. ಶುಕ್ರವಾರದ ಊಟದಲ್ಲಿ ಎದ್ದು ನಿಂತೆ. "ನಮ್ಮ ರೂಮಿನ ಮೂರೂ ಓಟು ಕುಚ್ಚಲಕ್ಕಿಗೆ" ಎಂದೆ.

"ನೀನೇ ಬೆಳ್ತಿಗೆಗೆ ಹಾಕಿದ್ದಲ್ವೇನೋ! ಎಂಥಾ ದ್ರೋಹಿ ಇವ್ನು!" ಎಂದು ಗೋಪಾಲ ಚಮಚ ಬೀಸಿದ. ನಾನು ಪತ್ರಿಕೆಯ ತುಂಡನ್ನು ಮುಂದಿಟ್ಟೆ. ಅಮೆರಿಕವನ್ನು ಕರೆತಂದವನೇ ಅವನು; ಚಮಚ ಕೆಳಗಿಟ್ಟ.

ಮರುದಿನ ಬೆಳಿಗ್ಗೆ ಹಮೀದಾಕ ಬಟ್ಟಲು ತುಂಬ ಗಂಜಿ ಕುಡಿದು ಬಾಯಿ ಒರೆಸಿಕೊಂಡರು. "ಲಾಯ್ಕ ಉಂಟು. ಅಲ್ಲಾಹು ನಿಮಗೆ ಒಳ್ಳೇದು ಮಾಡ್ಲಿ. ಆದ್ರೆ ಇನ್ನು ನೀವು ಪ್ರತಿನಿಧಿ ಆಗುವುದು ಬೇಡ. ಇವತ್ತು ಬೆಳ್ತಿಗೆಯವರ ಓಟು ತಿರುಗಿಸಿದ್ರಿ. ನಾಳೆ ನನ್ನದನ್ನು ತಿರುಗಿಸ್ಲಿಕ್ಕಿಲ್ಲ ಅಂತ ಎಂತ ಗ್ಯಾರಂಟಿ?"

ಸಂಜೆ ನನ್ನನ್ನು ಇಳಿಸಲು ಅವರೇ ಸಭೆ ಕರೆದರು. ಕುಚ್ಚಲಕ್ಕಿ ಇರಲಿ, ರೂಮಿನ ಲೆಕ್ಕವೂ ಪ್ರತಿನಿಧಿಯೂ ಬೇಡ, ಇನ್ನು ಮೇಲೆ ತಲೆಗೊಂದು ಕೈ ಎಂದಾಯಿತು. ಹನ್ನೊಂದು ಕೈ ಎದ್ದವು. ಅದರಲ್ಲಿ ಒಂದು ನನ್ನದು. ನನ್ನ ಬದುಕಿನಲ್ಲಿ ಅಷ್ಟು ನೆಮ್ಮದಿಯಿಂದ ಹಾಕಿದ ಓಟು ಇನ್ನೊಂದಿಲ್ಲ.