ಕಾಲಡಿಯ ಎರಡನೆಯ ಬ್ರೇಕು

ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಬ್ರೇಕ್ ಮೇಷ್ಟ್ರು ಎಂದೇ. ಮೂವತ್ತೆಂಟು ವರ್ಷ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಎಡಕ್ಕೆ ಕೂತು, ತಮ್ಮ ಕಾಲಡಿಯ ಎರಡನೆಯ ಬ್ರೇಕಿನಿಂದ ಅರ್ಧ ಊರಿನ ಜೀವ ಉಳಿಸಿದವರು. ಅದನ್ನು ಒತ್ತಿದರೆ ಕಲಿಯುವವರ ಕಾಲಡಿಯ ಬ್ರೇಕೂ ತಾನಾಗಿ ತಗ್ಗುತ್ತದೆ. ಪುಕ್ಕಲು ಜೀವಗಳು ಬಂದರೆ ಮೇಷ್ಟ್ರು ಮೆಲ್ಲಗೆ ತಾವೇ ಒತ್ತಿ, "ಚೆನ್ನಾಗಿ ಬ್ರೇಕ್ ಹಾಕಿದ್ರಿ" ಅನ್ನುತ್ತಿದ್ದರು. ಸುಳ್ಳೇ ಹೌದು. ಆ ಸುಳ್ಳಿನಿಂದಲೇ ಎಷ್ಟೋ ಜನಕ್ಕೆ ಧೈರ್ಯ ಬಂತು, ಬೆನ್ನಿಗೇ ಲೈಸೆನ್ಸೂ ಬಂತು.

ಈಗ ಸ್ಕೂಲು ಮಗಳದು. ಎಪ್ಪತ್ತನಾಲ್ಕರ ಮೇಷ್ಟ್ರಿಗೆ ಉಳಿದದ್ದು ಭಾನುವಾರ ಬೆಳಿಗ್ಗೆ ಲೈಬ್ರರಿಯ ಹಾಲಿನಲ್ಲಿ ವಯಸ್ಸಾದ ಚಾಲಕರಿಗೂ ಅವರ ಮಕ್ಕಳಿಗೂ ಮಾಡುವ ಪಾಠ. ಕತ್ತು ಎಷ್ಟು ತಿರುಗುತ್ತದೆ ನೋಡಿಕೊಳ್ಳಿ, ನಿದ್ದೆ ತರುವ ಮಾತ್ರೆ ನುಂಗಿ ಸ್ಟಿಯರಿಂಗ್ ಮುಟ್ಟಬೇಡಿ ಎನ್ನುವರು. ಆಮೇಲೆ ಮಕ್ಕಳ ಕಡೆಗೆ: "ಕೀ ಬಚ್ಚಿಡಬೇಡಿ. ಒಂದಿನ ಪಕ್ಕದಲ್ಲಿ ಕೂತು ನೋಡಿ, ಆಮೇಲೆ ಎದುರಿಗೆ ಕೂತು ನಿಜ ಹೇಳಿ."

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ವರ್ಷದಿಂದ ಅವರ ಸ್ವಂತ ಕತ್ತೇ ಎಡಕ್ಕೆ ಹೊರಳುತ್ತಿರಲಿಲ್ಲ. ಒಂದು ಎಡ ತಿರುವು ತಪ್ಪಿಸಲು ಮೂರು ಸಲ ಬಲಕ್ಕೆ ತಿರುಗಿ ಊರೆಲ್ಲ ಸುತ್ತುತ್ತಿದ್ದರು. ಹಾಗೆ ಹೋಗಬಹುದಾದ ಬೀದಿಗಳೂ ಒಂದೊಂದಾಗಿ ಕಡಿಮೆಯಾಗುತ್ತಿದ್ದವು. ಬಾಯಿಬಿಟ್ಟರೆ ಕೀ ಹೋಗುತ್ತದೆ, ಭಾನುವಾರದ ಪಾಠವೂ ಹೋಗುತ್ತದೆ. ಬಿಡದಿದ್ದರೆ ಯಾರದೋ ಜೀವ ಹೋದೀತು. ಅವರಿಗೆ ಭಯವಾಗುತ್ತಿತ್ತು, ಭಯಕ್ಕಿಂತ ಹೆಚ್ಚಾಗಿ ನಾಚಿಕೆ. ತಮ್ಮ ಸ್ವಂತ ಕಾರಿನ ಎಡ ಬಾಗಿಲಿಗೆ ಗೀರು ಬಿದ್ದಾಗ, ಯಾರೋ ಉಜ್ಜಿಕೊಂಡು ಹೋದರು ಎಂದು ತೇಲಿಸಿಬಿಟ್ಟರು.

ಮಗಳು ಆ ಗೀರನ್ನು ಬೆರಳಿನಿಂದ ಸವರಿ ನೋಡಿದಳು. "ಅಪ್ಪಾ, ಇವತ್ತು ಸ್ಕೂಲ್ ಕಾರಲ್ಲಿ ಹೋಗೋಣ. ನೀವೇ ಓಡ್ಸಿ" ಅಂದಳು. ಬೇಡ ಅನ್ನಲು ಬಾಯಿಲ್ಲ. ಪಕ್ಕದಲ್ಲಿ ಕೂತು ನೋಡಿ ಎಂದು ಊರಿಗೆಲ್ಲ ಹೇಳಿಕೊಟ್ಟವರು ತಾವೇ. ಅವರ ಹಳೆಯ ಸೀಟಿನಲ್ಲಿ ಮಗಳು ಕೂತಳು.

ಮೊದಲ ಅರ್ಧ ಗಂಟೆ ಚೆನ್ನಾಗಿಯೇ ಹೋಯಿತು. ಮೇಷ್ಟ್ರಿಗೆ ಜೀವ ಬಂದ ಹಾಗಾಯಿತು. ಆಮೇಲೆ ಅವಳು ಅಂದಳು, "ಇಲ್ಲಿ ಎಡಕ್ಕೆ."

ಬ್ರೇಕಿನ ಮೇಲೆ ಪಾದ ಹಗುರಾಗಿಟ್ಟು, ಕಣ್ಣಂಚಿನಲ್ಲಿ ನೋಡಿ, ಯಾರೂ ಇಲ್ಲವೆಂದು ತಿರುಗಿಸಿದರು. ಪಾದದಡಿಯ ಬ್ರೇಕು ತಾನಾಗಿ ಕೆಳಗಿಳಿಯಿತು. ಕಾರು ನಿಂತಿತು. ಎಡಗಡೆಯಿಂದ ಸೈಕಲ್ಲಿನವಳೊಬ್ಬಳು ಬಾನೆಟ್ಟಿಗೆ ತಾಗುವಷ್ಟು ಹತ್ತಿರ ದಾಟಿಹೋದಳು.

"ಚೆನ್ನಾಗಿ ಬ್ರೇಕ್ ಹಾಕಿದ್ರಿ, ಅಪ್ಪಾ."

ಹದಿನೆಂಟರಲ್ಲಿ ಅವಳು ಕಾರು ಕಲಿಯುವಾಗ ಅವರಿಂದ ಕೇಳಿದ ಮಾತು, ಅದೇ ಧಾಟಿ. ಬ್ರೇಕು ಒತ್ತುತ್ತಿದ್ದವರು ಯಾರೆಂದು ಆಗಲೇ ಅವಳಿಗೆ ಗೊತ್ತಿತ್ತೆಂದು ಅವರಿಗೆ ಈಗ ತಿಳಿಯಿತು. ಅವಳ ಮುಖ ನೋಡಬೇಕೆನಿಸಿತು, ಕತ್ತು ಹೊರಳಲಿಲ್ಲ.

"ಇದು ಎಷ್ಟನೇದಮ್ಮ?"

ಅವಳು ಬ್ರೇಕಿನಿಂದ ಕಾಲು ತೆಗೆಯಲಿಲ್ಲ. "ನಾಲ್ಕನೇದು."

ಉಳಿದ ಮೂರನ್ನು ತಾವೇ ಹಾಕಿದ್ದೆಂದು ಅವರು ನಂಬಿದ್ದರು. ಹಿಂದೆ ಹಾರನ್ನುಗಳು ಶುರುವಾದವು. ಇಳಿದುಬಿಡೋಣವೆಂದು ಎಡಗೈಯಲ್ಲಿ ಸೀಟ್ ಬೆಲ್ಟಿನ ಕೊಂಡಿ ತಡಕಿದರು. ಕಾಣದ ಕೊಂಡಿ ಕೈಗೆ ಸಿಗಲಿಲ್ಲ.

"ಬಿಚ್ಚಮ್ಮ," ಅಂದರು ಮೇಷ್ಟ್ರು.